ಸೆಕೆಂಡ್ಸ್

ಪೊಟ್ಟಣದ ಮೇಲೆ ಚಿನ್ನದ ಪದಕದ ಚಿತ್ರ.
ಯಾವ ದೇಶದ ತೋಟದಲ್ಲೋ, ಯಾವ ಬಿಸಿಲಲ್ಲೋ
ಗೆದ್ದು ಬಂದ ಜಿನಿಯಾ.
ಹೆಸರು ಮೂರು ಪದ, ಮೂರೂ ಇಂಗ್ಲಿಷು.
ಬೀಜ ಇಪ್ಪತ್ತು, ಬೆಲೆ ಇನ್ನೂರೈವತ್ತು.
‘ಎಣಿಸ್ಕೊಳ್ಳಿ ಅಮ್ಮಾ’ ಅಂದ ಅಂಗಡಿಯ ಹುಡುಗ.
ಎಣಿಸಿದೆ, ಹತ್ತೊಂಬತ್ತಿತ್ತು.
ಇಪ್ಪತ್ತನೆಯದು ಮಡಿಕೆಯಲ್ಲಿ ಅವಿತು ಕೂತಿತ್ತು,
ಗೆದ್ದದ್ದಕ್ಕೆ ನಾಚಿಕೊಂಡ ಹಾಗೆ.

ಭೀಮನ ಅಮಾವಾಸ್ಯೆಯ ಮಾರನೆಯ ದಿನ
ಮೊಸರಿನ ಲೋಟಗಳಿಗೆ ತೂತು ಕೊರೆದು ಬಿತ್ತಿದೆ.

ವಿದ್ಯಾರಣ್ಯಪುರದ ನಮ್ಮ ಅಂಗಳ ಅಂದರೆ
ಸ್ಕೂಟರು ನಿಂತು ಮಿಕ್ಕ ಜಾಗ.
ಒಂದು ಸೀರೆ ಬಿಚ್ಚಿ ಹಾಸಿದರೆ
ಸೆರಗು ಬೀದಿಗೆ ಬರುತ್ತದೆ.
ಮೂವತ್ತೊಂದು ವರ್ಷ ರೇಷ್ಮೆ ಕಾರ್ಖಾನೆಯಲ್ಲಿ
ಮಗ್ಗದ ಸದ್ದಿಗೆ ಕಿವಿ ಕೊಟ್ಟವಳು ನಾನು;
ಒಡಲು ಯಾವುದು, ಅಂಚು ಯಾವುದು
ಯಾರೂ ಹೇಳಿಕೊಡಬೇಕಿಲ್ಲ.
ಒಡಲಿಗೆ ಕೆಂಪು ಜಿನಿಯಾ,
ಜರಿಗೆ ಗಿಡ್ಡ ಚೆಂಡುಹೂ.

ದಸರೆಗೆ ಮುಂಚಿನ ವಾರ ಜೀಪು ಬಂತು.
ಚರಂಡಿಯ ಬಿರುಕಲ್ಲಿ ತಾನಾಗಿ ಎದ್ದ
ಕಾಶಿಕಣಗಿಲೆಯನ್ನು ದಾಟಿಕೊಂಡು
ಮೂವರು ಒಳಗೆ ಬಂದರು.
ಒಬ್ಬರ ಕೈಯಲ್ಲಿ ಟೇಪು, ಒಬ್ಬರ ಕೈಯಲ್ಲಿ ಹಾಳೆ,
ಇನ್ನೊಬ್ಬರ ಕೈಯಲ್ಲಿ ಪಕ್ಕದ ಮನೆಯ ಚಕ್ಕುಲಿ.
ಗಿಡಗಳೆಲ್ಲ ಒಂದೇ ಎತ್ತರ, ಒಂದೇ ಕೆಂಪು,
ಶಾಲೆಯ ಪ್ರಾರ್ಥನೆಗೆ ಸಾಲು ನಿಂತ ಹಾಗೆ.
ಮೂರನೇ ಬಹುಮಾನ, ಸ್ಟೀಲಿನ ಹೂಜಿ.
ಅದರ ಮೇಲೆ ಕೊರೆದದ್ದು ನಮ್ಮ ಯಜಮಾನರ ಹೆಸರು.
ಅವರು ಒಂದು ದಿನ ಪೈಪು ಹಿಡಿದವರಲ್ಲ,
ಹೂಜಿಯನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದರು.

ಹೂ ಒಣಗಿದ ಮೇಲೆ ಬೀಜ ಉದುರಿಸಿ
ಜರಿ ಲಾಳಿಯ ಹಳೆಯ ಡಬ್ಬಿಯಲ್ಲಿಟ್ಟೆ.
ಈ ವರ್ಷ ಅದನ್ನೇ ಬಿತ್ತಿದೆ.
ಅದೇ ಗೊಬ್ಬರ, ಅದೇ ಅಮಾವಾಸ್ಯೆ.

ಬಂದವು ನೋಡಿ!
ಒಂದು ಮೊಣಕಾಲಿಗೆ, ಒಂದು ಸೊಂಟಕ್ಕೆ.
ಒಂದು ಮಾಸಲು ಗುಲಾಬಿ,
ಒಂದಕ್ಕೆ ಒಂಟಿಸುತ್ತಿನ ಎಸಳು, ತೆಳ್ಳಗೆ,
ಇನ್ನೊಂದು ಕೆಂಪಾಗಲೆಂದೇ ಹೊರಟು
ಅರ್ಧ ದಾರಿಯಲ್ಲಿ ಮರೆತು
ಹಳದಿಯ ಕಡೆ ತಿರುಗಿಬಿಟ್ಟಿದೆ.

ಹಾಳೆ ಹಿಡಿದವಳು ಈ ಸಲ ಎಳೆಯ ಹುಡುಗಿ.
‘ಹೈಬ್ರಿಡ್ ಬೀಜ ಎತ್ತಿಡಬಾರದು ಆಂಟಿ,
ಮಕ್ಕಳು ತಾಯಿಯನ್ನು ಹೋಲೋದಿಲ್ಲ.
ಪ್ರತಿವರ್ಷ ಹೊಸ ಪ್ಯಾಕೆಟ್ಟೇ ತರಬೇಕು’
ಅಂದಳು, ಪಾಠ ಒಪ್ಪಿಸುವ ದನಿಯಲ್ಲಿ.
ತಳಿ ಎಂಬ ಕಾಲಮ್ಮಿನಲ್ಲಿ ಪೆನ್ನು ನಿಂತಿತು.
‘ಏನಂತ ಬರೀಲಿ?’

ಕಾರ್ಖಾನೆಯಲ್ಲಿ ಎರಡು ರಾಶಿ ಇರುತ್ತಿತ್ತು.
ಎಳೆ ತಪ್ಪಿದ್ದು, ಬಣ್ಣ ಜಾರಿದ್ದು
ಬೇರೆ ಬೀರುವಿಗೆ, ಬೇರೆ ಬೆಲೆಗೆ.
ಅದು ಮಾರಾಟಕ್ಕೆ ಬಂದ ದಿನ
ಬೆಳಗಿನ ಜಾವಕ್ಕೇ ತಿಂಡಿ ಡಬ್ಬಿ ಕಟ್ಟಿಕೊಂಡು
ಗೇಟಿನ ಮುಂದೆ ಹೆಂಗಸರ ಸಾಲು.
ನನ್ನ ಮದುವೆಯ ಸೀರೆಯೂ ಆ ಬೀರುವಿನದೇ.
ಅಂಚಿನಲ್ಲಿ ಒಂದು ಕಡೆ
ಜರಿ ಎರಡು ಎಳೆ ಎಡವಿದೆ.
ನೆರಿಗೆಯ ಒಳಕ್ಕೆ ಬರುವಂತೆ ಉಟ್ಟೆ.
ಧಾರೆಯ ಹೊತ್ತಿಗೆ ಯಾರಿಗೂ ಕಾಣಲಿಲ್ಲ.
ನೇಯ್ದ ದೇವಾಜಮ್ಮಣ್ಣಿಗೆ ಮಾತ್ರ ಗೊತ್ತಿತ್ತು;
ಎಲೆಯ ಮುಂದೆ ಕೂತವಳು
ನನ್ನ ಕಾಲಕಡೆ ನೋಡಿ ನಕ್ಕಳು.

‘ಸೆಕೆಂಡ್ಸ್ ಅಂತ ಬರಿ ತಾಯಿ’ ಅಂದೆ.
ಅವಳು ತಲೆ ಎತ್ತದೆ ಬರೆದುಕೊಂಡಳು,
ಯಾವುದೋ ಹೊಸ ತಳಿಯೆಂದೇ.

ಬಹುಮಾನ ಬರಲಿಲ್ಲ.
ಹೂಜಿಯಲ್ಲಿ ಈಗ ಹುಣಸೆಹಣ್ಣು ಇದೆ.

ಅರ್ಧ ಮರೆತ ಆ ಗಿಡದಲ್ಲಿ
ಮೂರು ಹೂ ಕೀಳದೆ ಬಿಟ್ಟಿದ್ದೇನೆ,
ಒಣಗಿ ಗರಗರ ಎನ್ನಲಿ ಎಂದು.
ಡಬ್ಬಿಗೆ ಚೀಟಿ ಅಂಟಿಸಿ ಇಸವಿ ಬರೆದೆ.
ಬಣ್ಣ ಎಂದು ಬರೆದು, ಮುಂದೆ ಎರಡು ಚುಕ್ಕಿ ಇಟ್ಟು,
ಪೆನ್ನಿನ ಕ್ಯಾಪು ಮುಚ್ಚಿದೆ.